ಡಾರ್ಲಿಂಗ್ ಹೊಳೆಯ ದಂಡೆಯಲ್ಲಿ ಅತ್ತೆ ಸೊಸೆ

ಷಟಲ್ ಆಡುವಾಗ ರೇವಂತ್ ಬಿದ್ದು ಹಿಮ್ಮಡಿಯ ಮೇಲಿನ ಸ್ನಾಯು ಹರಿದುಕೊಂಡಾಗ, ಅವನನ್ನು ಕಾಲಿನ ನೋವಿಗಿಂತ ಹೆಚ್ಚಾಗಿ ಕಾಡಿದ್ದು ಆಸ್ಟ್ರೇಲಿಯಾ. ಅವನೂ ಹೆಂಡತಿ ಶೃತಿಯೂ ಎರಡು ವರ್ಷದಿಂದ ಕನಸು ಕಂಡು ಹಾಕಿಕೊಂಡಿದ್ದ ಪ್ರವಾಸ ಅದು. ದಸರಾ ರಜೆಯಲ್ಲಿ ಅಲ್ಲಿಗೆ ಹೋಗಿ, ಒಂದು ಜೀಪು ಮತ್ತು ಅದರ ಬೆನ್ನಿಗೆ ಕಟ್ಟುವ ಕ್ಯಾರವಾನ್ ಬಾಡಿಗೆಗೆ ಹಿಡಿದು, ಒಳನಾಡಿನ ಡಾರ್ಲಿಂಗ್ ನದಿಯ ಉದ್ದಕ್ಕೂ ಊರಿಲ್ಲದ ಕಡೆ ತಂಗುತ್ತ ಸಾಗುವುದು. ಶೃತಿ ಬೆಂಗಳೂರಿನ ಜಯನಗರದ ಶಾಲೆಯೊಂದರಲ್ಲಿ ಭೂಗೋಳದ ಟೀಚರ್. ಆ ನದಿಯನ್ನು ಹಲಗೆಯ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಎಷ್ಟೋ ಸಲ ಎಳೆದಿದ್ದಳು. ಒಮ್ಮೆ ಅದರ ನೀರಿಗೆ ಕಾಲಿಡಬೇಕು ಅನ್ನುವುದು ಅವಳ ಆಸೆ.

ಆಪರೇಷನ್ ಆಗಿ ರೇವಂತ್ ಮನೆಗೆ ಬಂದ ದಿನ ಎಲ್ಲರೂ ಕೆಳಗಿನ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಬನಶಂಕರಿ ಮೂರನೇ ಹಂತಕ್ಕೆ ಅಂಟಿಕೊಂಡಿರುವ ಇಟ್ಟಮಡುವಿನಲ್ಲಿ ಅವರದೇ ಕಟ್ಟಡ. ನೆಲಮಹಡಿಯಲ್ಲಿ ರೇವಂತನ ತಂದೆ ಬೋರಣ್ಣ, ತಾಯಿ ಬೈರಮ್ಮ. ಎರಡನೇ ಮಹಡಿಯಲ್ಲಿ ಮಗ ಸೊಸೆ. ಉಳಿದದ್ದೆಲ್ಲ ಬಾಡಿಗೆಯವರು.

"ಎಲ್ಲಾ ಕ್ಯಾನ್ಸಲ್ ಮಾಡ್ಬಿಡ್ತೀನಿ" ಎಂದಳು ಶೃತಿ, ತಟ್ಟೆಯಿಂದ ತಲೆ ಎತ್ತದೆ.

"ಯಾಕೆ ಕ್ಯಾನ್ಸಲ್ಲು? ಕಾಲ್ ಕೆಟ್ಟಿರೋದು ಅವನಿಗೆ. ನಿಂಗಲ್ವಲ್ಲ" ಎಂದರು ಬೈರಮ್ಮ.

"ನಾನೊಬ್ಳೇ ಹೆಂಗತ್ತೆ ಹೋಗ್ಲಿ? ಹಿಂದ್ಗಡೆ ಒಂದು ರೂಮನ್ನೇ ಎಳ್ಕೊಂಡು ಓಡಿಸ್ಬೇಕು. ನನಗೆ ಇಲ್ಲಿಂದ ಸ್ಕೂಲಿಗೆ ಕಾರ್ ತಗೊಂಡು ಹೋಗೋದೇ ಸಾಕಾಗತ್ತೆ."

"ನಾನ್ ಬತ್ತೀನಿ. ನಾನೇ ಓಡಿಸ್ತೀನಿ."

ಬೋರಣ್ಣ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು. "ಹೊಳೆ ದಡದಲ್ಲಿ ಮಲಗಕ್ಕೆ ಅಷ್ಟು ದೂರ ಹೋಗ್ಬೇಕಾ? ಇಲ್ಲೇ ಕಾವೇರಿ ದಡದಲ್ಲಿ ಮುತ್ತತ್ತಿ ಇಲ್ವಾ?"

"ಮುತ್ತತ್ತಿಗಾದ್ರೂ ನೀವ್ ಯಾವಾಗ ಕರ್ಕೊಂಡೋದ್ರಿ?"

ಬೋರಣ್ಣ ಮತ್ತೆ ಮುದ್ದೆಗೆ ಕೈ ಹಾಕಿದರು. ರೇವಂತ್ ಮಾತ್ರ ಸೋಫಾದ ಮೇಲೆ ಕಾಲು ಚಾಚಿಕೊಂಡು ನಗುತ್ತಿದ್ದ. "ಶೃತಿ, ನಿನಗೆ ಗೊತ್ತಿಲ್ಲ. ಅಮ್ಮ ನಮ್ಮೂರಿನ ಮೊದಲನೇ ಟ್ರ್ಯಾಕ್ಟರ್ ಡ್ರೈವರ್ರು."

ಶೃತಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆರು ವರ್ಷದಿಂದ ಒಂದೇ ಕಟ್ಟಡದಲ್ಲಿದ್ದರೂ ಅವಳು ಕಂಡಿದ್ದ ಅತ್ತೆ, ನೀರಿನ ಮೋಟರ್ ಹಾಕಿಸುವ, ಪ್ಲಂಬರ್‌ನನ್ನು ಗದರಿಸುವ, ಹಬ್ಬಕ್ಕೆ ಒಬ್ಬಟ್ಟು ಕಳಿಸುವ ಹೆಂಗಸು. ಅತ್ತೆ ಎಂದರೆ ಗೌರವ ಇತ್ತು, ಸ್ವಲ್ಪ ಭಯವೂ ಇತ್ತು. ಕೂತು ಮಾತಾಡುವ ಸಲಿಗೆ ಮಾತ್ರ ಬೆಳೆದಿರಲಿಲ್ಲ. ಅತ್ತೆ ಮದುವೆಯಾಗಿ ಬಂದ ವರ್ಷವೇ ಬೋರಣ್ಣನಿಗೆ ಟೈಫಾಯಿಡ್ ಆಗಿ, ಕೊಯ್ದ ರಾಗಿ ಹೊಲದಲ್ಲೇ ನೆನೆಯುವ ಹಾಗಾದಾಗ, ಹತ್ತೊಂಬತ್ತರ ಬೈರಮ್ಮ ಟ್ರ್ಯಾಕ್ಟರ್ ಹತ್ತಿದ್ದರು ಎಂಬ ಕಥೆಯನ್ನು ಅಂದು ರೇವಂತ್ ಹೇಳಿದ. ಆಮೇಲೆ ಹೊಲಗಳು ಲೇಔಟ್ ಆಗುವವರೆಗೂ ಅವರು ಅದರಿಂದ ಇಳಿಯಲೇ ಇಲ್ಲವಂತೆ. ಈಗಲೂ ಮನೆಯ ಬೊಲೆರೋ ಓಡಿಸುವುದು ಅವರೇ.

ಮರುದಿನ ಶೃತಿ ಗಂಡನ ವಿಮಾನದ ಟಿಕೆಟ್ಟು ರದ್ದು ಮಾಡಿ ಅತ್ತೆಗೆ ಹೊಸದೊಂದು ತೆಗೆದಳು. ಮಹಿಳಾ ಸಂಘದವರ ಜೊತೆ ಸಿಂಗಾಪುರಕ್ಕೆ ಹೋಗಿ ಬಂದಿದ್ದ ಪಾಸ್‌ಪೋರ್ಟು ಬೈರಮ್ಮನ ಬಳಿ ಇತ್ತು. ಹೊರಡಲು ಇನ್ನೂ ಎರಡು ತಿಂಗಳಿದ್ದುದರಿಂದ ವೀಸಾ ಬರಲು ಸಮಯವೂ ಸಿಕ್ಕಿತು.

ಒಂದು ಷರತ್ತನ್ನು ಬೈರಮ್ಮ ಹಾಕಿದರು: ಸೊಸೆಯೂ ಕಲಿಯಬೇಕು. ಬನಶಂಕರಿ ಆರನೇ ಹಂತದಲ್ಲಿ ಇನ್ನೂ ಮನೆ ಏಳದ ಸೈಟುಗಳ ನಡುವೆ ಅಗಲವಾದ ಮಣ್ಣಿನ ಜಾಗ ಒಂದಿತ್ತು. ಅವರ ತಮ್ಮ ಮುತ್ತುರಾಜ ಅಲ್ಲಿಗೆ ತನ್ನ ಟ್ರ್ಯಾಕ್ಟರ್ ಮತ್ತು ಟ್ರೇಲರ್ ತಂದು ನಿಲ್ಲಿಸಿಹೋಗುತ್ತಿದ್ದ. ಮುಂದಕ್ಕೆ ಎಳೆಯುವುದು ಶೃತಿಗೆ ಬೇಗ ಬಂತು. ಹಿಂದಕ್ಕೆ ತಳ್ಳುವುದು ಬರಲಿಲ್ಲ. ಅವಳು ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತಿತ್ತು, ಸರಿಮಾಡಲು ಹೋದರೆ ಮಡಚಿಕೊಂಡು ನಿಲ್ಲುತ್ತಿತ್ತು.

"ಸ್ಟೇರಿಂಗ್ ಮೇಲ್ಗಡೆ ಹಿಡೀಬೇಡ. ಕೆಳಗಡೆ ಹಿಡಿ" ಎಂದು ಬೈರಮ್ಮ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲೇ ನಡೆಯುತ್ತ ಹೇಳುತ್ತಿದ್ದರು. "ಅದರ ಹಿಂಭಾಗ ಎತ್ಲಾಗೆ ಹೋಗ್ಬೇಕೋ ಅತ್ಲಾಗೆ ಕೈ ತಳ್ಳು. ಅಷ್ಟೇ. ಜಾಸ್ತಿ ತಳ್ಳಬೇಡ."

"ತಲೆಗೆ ಹೋಗ್ತಿದೆ ಅತ್ತೆ, ಕೈಗೆ ಬರ್ತಿಲ್ಲ."

"ತಲೇಲಿ ಏನು ಕೆಲ್ಸ ಇದಕ್ಕೆ."

ಹಲವು ಭಾನುವಾರಗಳು ಹೀಗೆ ಕಳೆದವು. ಹೊರಡುವ ಹೊತ್ತಿಗೂ ಶೃತಿಯ ಟ್ರೇಲರ್ ನೆಟ್ಟಗೆ ಹಿಂದೆ ಹೋಗುತ್ತಿರಲಿಲ್ಲ. ಹಾವಿನಂತೆ ಸುತ್ತಿ ಹೇಗೋ ಜಾಗಕ್ಕೆ ಸೇರುತ್ತಿತ್ತು. "ನಾನಿದ್ದೀನಲ್ಲ ಬುಡು" ಎಂದು ಬೈರಮ್ಮ ಅಭ್ಯಾಸ ಮುಗಿಸಿದರು.

ಸಿಡ್ನಿಯ ಇಂಡಿಯನ್ ಅಂಗಡಿಯೊಂದರಲ್ಲಿ ರಾಗಿಹಿಟ್ಟು, ಹುಣಸೆಹಣ್ಣು, ಸಾರಿನ ಪುಡಿ ಕೊಂಡು, ಒಳನಾಡಿನ ಡಬ್ಬೋ ಎಂಬ ಪಟ್ಟಣದಲ್ಲಿ ಗಾಡಿ ತೆಗೆದುಕೊಂಡರು. ಕ್ಯಾರವಾನ್ ಒಳಗೆ ಎರಡು ಹಾಸಿಗೆ, ಗ್ಯಾಸ್ ಒಲೆ, ಸಣ್ಣ ಫ್ರಿಜ್ಜು, ನೀರಿನ ಟ್ಯಾಂಕು. ಅಲ್ಲಿಯ ಮನುಷ್ಯ ಕೊಕ್ಕೆ, ಬ್ರೇಕಿನ ವೈರು, ಚೈನು ಎಲ್ಲವನ್ನೂ ಶೃತಿಗೆ ತೋರಿಸಿ ಕೊನೆಗೆ ಬೀಗದಕೈ ಅವಳಿಗೇ ಚಾಚಿದ. ಬೈರಮ್ಮ ನಡುವೆ ಕೈ ಹಾಕಿ ತೆಗೆದುಕೊಂಡರು. ಚೂಡಿದಾರ್ ಮೇಲೆ ರೇವಂತನ ಹಳೆಯ ಜಾಕೆಟ್ ತೊಟ್ಟಿದ್ದ ಆ ಹೆಂಗಸು ಅಂಗಳದ ಗೇಟಿನಿಂದ ಒಂದೇ ತಿರುವಿನಲ್ಲಿ ಹೆದ್ದಾರಿಗೆ ಇಳಿದದ್ದನ್ನು ಅವನು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದ.

ಬರ್ಕ್ ಎಂಬ ಊರು ದಾಟಿದ ಮೇಲೆ ಟಾರು ಮುಗಿಯಿತು. ಅಲ್ಲಿಂದ ಮುಂದೆ ಕೆಂಪು ಮಣ್ಣು, ಕಪ್ಪು ಮಣ್ಣು, ಮತ್ತೆ ಕೆಂಪು ಮಣ್ಣು. ರಸ್ತೆಯ ಎಡಕ್ಕೆ ಎಲ್ಲೋ ಹೊಳೆ ಹರಿಯುತ್ತಿತ್ತು. ಅದು ಕಾಣದಿದ್ದರೂ ಅದರ ಜಾಡು ಹಿಡಿದು ನಿಂತ ಮರಗಳ ಸಾಲು ಬಿಡದೆ ಜೊತೆಗೆ ಬರುತ್ತಿತ್ತು. ಎಮು ಹಕ್ಕಿಗಳು ಗಾಡಿಯ ಜೊತೆ ಓಡಿ, ಬೇಸರವಾದಂತೆ ನಿಂತುಬಿಡುತ್ತಿದ್ದವು. ಅರ್ಧ ದಿನಕ್ಕೆ ಎದುರಿಗೆ ಬಂದದ್ದು ಎರಡೋ ಮೂರೋ ಗಾಡಿ. ಬಂದವರೆಲ್ಲ ಸ್ಟೇರಿಂಗ್ ಮೇಲಿಂದ ಒಂದು ಬೆರಳೆತ್ತುತ್ತಿದ್ದರು. ಬೈರಮ್ಮ ಪೂರ್ತಿ ಕೈಯೆತ್ತಿ ನಮಸ್ಕಾರ ಹೇಳುತ್ತಿದ್ದರು.

ಟಿಲ್ಪಾ ಎಂಬ ಪುಟ್ಟ ಊರು ದಾಟಿದ ಮೇಲೆ ಒಂದು ದೊಡ್ಡ ಕುರಿ ಫಾರ್ಮಿನವರು ತಮ್ಮ ಜಮೀನಿನ ಹೊಳೆದಂಡೆಯಲ್ಲಿ ತಂಗಲು ಜಾಗ ಕೊಡುತ್ತಿದ್ದರು. ಫಾರ್ಮಿನ ರಸ್ತೆಯಿಂದ ಒಂದು ಕಿರಿದಾದ ಜಾಡು ಇಳಿದು, ನೀರಿನ ಪಕ್ಕದಲ್ಲೇ ಸಾಗಿ, ಮುಂದೆ ಕೆಂಪು ಮರಳಿನ ದಿಬ್ಬ ಹತ್ತಿ ಮತ್ತೆ ರಸ್ತೆಗೆ ಸೇರುತ್ತಿತ್ತು. ಒಂದು ಕಡೆ ಕಡಿದಾದ ದಂಡೆ, ಇನ್ನೊಂದು ಕಡೆ ಒತ್ತಾದ ಪೊದೆ. ಹೊಳೆ ಚಹಾ ಬಣ್ಣದ್ದು, ಅವಸರವಿಲ್ಲದ್ದು. ಶೃತಿ ಚಪ್ಪಲಿ ಬಿಟ್ಟು ಇಳಿದು ಮೊಣಕಾಲಿನವರೆಗೆ ನಿಂತಳು. ನೀರು ತಣ್ಣಗಿತ್ತು. ಅವಳಿಗೆ ರೇವಂತ್ ನೆನಪಾಗಿ ಕಣ್ಣು ತುಂಬಿತು, ಅದನ್ನು ಅತ್ತೆ ನೋಡದ ಹಾಗೆ ಮುಖ ತೊಳೆದುಕೊಂಡಳು.

ತಿರುಗಿ ನೋಡಿದರೆ ಬೈರಮ್ಮ ಕ್ಯಾರವಾನನ್ನು ಒಂದು ಭಾರಿ ಮರದ ಅಡಿಯಲ್ಲಿ ನಿಲ್ಲಿಸಿ ಕುರ್ಚಿ ಹಾಕುತ್ತಿದ್ದರು. ರೆಡ್ ಗಮ್ ಎಂಬ ಆ ಮರ ನಮ್ಮಲ್ಲಿಯ ನೀಲಗಿರಿಯ ಜಾತಿಯದೇ, ಆದರೆ ಕಾಂಡ ನಾಲ್ಕು ಜನ ತಬ್ಬಿದರೂ ಸಾಲದಷ್ಟು ದಪ್ಪ.

"ಅತ್ತೆ, ಇಲ್ಲಿ ಬೇಡ. ಈ ಮರ ಸುಮ್‌ಸುಮ್ನೆ ಕೊಂಬೆ ಉದುರಿಸತ್ತೆ. ಗಾಳಿ ಇಲ್ದೇ ಇದ್ರೂನೂ."

"ಇಷ್ಟು ನೆರಳು ಬಿಟ್ಟು ಬಿಸಿಲಲ್ಲಿ ಕೂರೋದಾ? ಗಟ್ಟಿಮರ ಕಣಮ್ಮ, ಏನೂ ಆಗಲ್ಲ."

ಮನೆಯಲ್ಲಾಗಿದ್ದರೆ ಶೃತಿ ಸುಮ್ಮನಾಗುತ್ತಿದ್ದಳು. ಇಲ್ಲಿ ಆಗಲಿಲ್ಲ. "ನಾನು ಇದರ ಅಡೀಲಿ ಮಲಗಲ್ಲ ಅತ್ತೆ. ನಿಮ್ಮನ್ನೂ ಮಲಗಕ್ಕೆ ಬಿಡಲ್ಲ. ಗಾಡಿ ಓಡ್ಸೋದ್ರಲ್ಲಿ ನೀವ್ ಹೇಳಿದ್ದು ಕೇಳ್ತೀನಿ. ಎಲ್ಲಿ ಇರ್ಬೇಕು ಅನ್ನೋದನ್ನ ನಾನು ಓದ್ಕೊಂಡ್ ಬಂದಿದ್ದೀನಿ."

ಬೈರಮ್ಮ ಸೊಸೆಯ ಮುಖವನ್ನು ಒಂದು ಕ್ಷಣ ಹೊಸದಾಗಿ ನೋಡುವವರಂತೆ ನೋಡಿದರು. ಕುರ್ಚಿ ಮಡಚಿದರು. ಗಾಡಿ ಹತ್ತಿ, ಕ್ಯಾರವಾನನ್ನು ಹಿಂದಕ್ಕೆ ತಳ್ಳಿ, ತೆರೆದ ಆಕಾಶದ ಕೆಳಗೆ ನಿಲ್ಲಿಸಿದರು.

ಅವರ ಹಿಂದೆ, ಅದೇ ಜಾಡಿನಲ್ಲಿ, ಕೀತ್ ಎಂಬ ಮುದುಕರೊಬ್ಬರು ತಮ್ಮ ಹಳೆಯ ಕ್ಯಾರವಾನ್ ತಂದು ನಿಲ್ಲಿಸಿದರು. ಜೀವನವೆಲ್ಲ ಕುರಿ ಉಣ್ಣೆ ಕತ್ತರಿಸಿದ ಮನುಷ್ಯ. ಎಂದೋ ಕುದುರೆಯಿಂದ ಬಿದ್ದು ಕುತ್ತಿಗೆ ಪೆಡಸಾಗಿತ್ತು. ಯಾರನ್ನಾದರೂ ನೋಡಬೇಕಾದರೆ ಇಡೀ ಮೈ ತಿರುಗಿಸುತ್ತಿದ್ದರು. ಸಂಜೆ ಅವರು ಹಿಡಿದ ಎರಡು ಮೀನಿನಲ್ಲಿ ಒಂದನ್ನು ತಂದುಕೊಟ್ಟರು. ಬೈರಮ್ಮ ಅದಕ್ಕೆ ಹುಣಸೆಹುಳಿ ಹಿಂಡಿ ಸಾರು ಮಾಡಿ ಒಂದು ಬಟ್ಟಲು ವಾಪಸು ಕಳಿಸಿದರು. ಕೀತ್ ಬಟ್ಟಲನ್ನು ಖಾಲಿ ಮಾಡಿ ಬಂದು, ಮೂಗು ಒರೆಸಿಕೊಳ್ಳುತ್ತಲೇ ಇನ್ನೂ ಇದೆಯೇ ಎಂದು ಕೇಳಿದರು. ಅಲ್ಲಿಂದ ಅವರು 'ಕೀತಣ್ಣ' ಆದರು. ಅವರ ಇಂಗ್ಲಿಷು ಬೈರಮ್ಮನಿಗೆ ತಿಳಿಯುತ್ತಿರಲಿಲ್ಲ, ಬೈರಮ್ಮನ ಕನ್ನಡ ಅವರಿಗೆ ತಿಳಿಯುತ್ತಿರಲಿಲ್ಲ. ಶೃತಿ ಇಬ್ಬರ ನಡುವೆ ಕೂತು ಬೇಕಾದಷ್ಟನ್ನು ಮಾತ್ರ ದಾಟಿಸುತ್ತಿದ್ದಳು.

ಮಾರನೆಯ ದಿನ ಸೆಕೆ ಏರಿತು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಅತ್ತೆ ಸೊಸೆ ಪಾತ್ರೆ ತೊಳೆಯುತ್ತಿದ್ದಾಗ ಬಂದೂಕು ಹಾರಿದಂತೆ ಸದ್ದಾಯಿತು. ಆಮೇಲೆ ಉದ್ದವಾಗಿ ಸೀಳುವ ಶಬ್ದ, ನೆಲ ನಡುಗುವ ಏಟು. ನೂರಾರು ಬಿಳಿ ಗಿಳಿಗಳು ಕಿರುಚುತ್ತ ಮೇಲೆದ್ದವು. ಧೂಳು ತಗ್ಗಿದಾಗ, ಹಿಂದಿನ ದಿನ ಬೈರಮ್ಮ ಕುರ್ಚಿ ಹಾಕಿದ್ದ ಜಾಗದಲ್ಲಿ ಒಂದು ಮರದಷ್ಟೇ ದೊಡ್ಡದಾದ ಕೊಂಬೆ ಬಿದ್ದಿತ್ತು.

ಬೈರಮ್ಮ ಹತ್ತಿರ ಹೋಗಿ ಅದರ ಸೀಳಿದ ಬುಡವನ್ನು ಅಂಗೈಯಿಂದ ಮುಟ್ಟಿ ನೋಡಿದರು. ಒಳಗೆ ಗೆದ್ದಲು ತಿಂದು ಟೊಳ್ಳಾಗಿತ್ತು.

"ನೀನ್ ಹೇಳಿದ್ದೇ ಸರಿ" ಎಂದರು. "ನಾನ್ ಕೇಳ್ದೇ ಇದ್ದಿದ್ರೆ ನಿಮ್ ಮಾವ ಇನ್ನೊಂದ್ ಮದುವೆ ಮಾಡ್ಕೊಬೇಕಾಗಿತ್ತು."

ಶೃತಿಗೆ ನಗು ಬಂತು. ಕೀತ್ ಮಾತ್ರ ನಗದೆ ಜಾಡನ್ನೇ ನೋಡುತ್ತಿದ್ದರು. ಕೊಂಬೆ ಮುಂದಿನ ದಾರಿಗೆ ಅಡ್ಡವಾಗಿ ಬಿದ್ದಿತ್ತು. ದಿಬ್ಬಕ್ಕೆ ಹತ್ತುವ ದಾರಿ ಮುಚ್ಚಿಹೋಗಿತ್ತು.

ಒಂದು ಗಂಟೆಯೂ ಕಳೆದಿರಲಿಲ್ಲ, ತಂಗುವವರಿಗೆ ಗಾಡಿಗೆ ಎರಡರಂತೆ ಕೊಟ್ಟಿದ್ದ ವಾಕಿಟಾಕಿಯಲ್ಲಿ ಫಾರ್ಮಿನ ಒಡತಿ ಮಾತಾಡಿದಳು. ಪಶ್ಚಿಮದಿಂದ ಮಳೆ ಬರುತ್ತಿದೆ, ಕತ್ತಲಾಗುವುದರೊಳಗೆ ನಿಮ್ಮ ಮೇಲೆ ಇರುತ್ತದೆ. ದಂಡೆಯ ಮಣ್ಣು ಕಪ್ಪು ಎರೆಮಣ್ಣು, ನೆನೆದರೆ ಚಕ್ರಕ್ಕೆ ಅಂಟಿನಂತೆ ಸುತ್ತಿಕೊಳ್ಳುತ್ತದೆ. ಮೇಲ್ಗಡೆಯ ಊರುಗಳಲ್ಲೂ ಮಳೆಯಾಗಿದೆ, ಹೊಳೆ ಏರಬಹುದು. ಈಗಲೇ ಹೊರಟು ಕೆಂಪು ದಿಬ್ಬಕ್ಕೆ ಬನ್ನಿ. ಕೊಂಬೆಯ ವಿಷಯ ತಿಳಿಸಿದಾಗ ಅವಳು, ನಮ್ಮ ಗರಗಸದವರು ದೂರದಲ್ಲಿದ್ದಾರೆ, ಇವತ್ತು ಬರಲಾರರು, ನೀವು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು ಎಂದಳು.

ಹಿಂದಕ್ಕೆ ಎಂದರೆ ರಿವರ್ಸ್. ಅಲ್ಲಿ ಎಲ್ಲೂ ತಿರುಗಿಸುವಷ್ಟು ಅಗಲವಿರಲಿಲ್ಲ. ಬನಶಂಕರಿ ದೇವಸ್ಥಾನದಿಂದ ಬಸ್ ಸ್ಟ್ಯಾಂಡಿಗಿರುವಷ್ಟು, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ದೂರ, ನಡುವೆ ಎರಡು ತಿರುವು, ಒಂದು ಕಡೆ ಹೊಳೆ. ಹಿಂದೆ ನಿಂತಿದ್ದ ಕೀತ್ ಮೊದಲು ಹೊರಡಬೇಕಿತ್ತು.

ಕೀತ್ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ನೆಟ್ಟಗೆ ಆದರೆ ಕನ್ನಡಿ ನೋಡಿ ಹೇಗೋ ಹೋಗುತ್ತೇನೆ, ತಿರುವಿನಲ್ಲಿ ಈ ಕುತ್ತಿಗೆಯಿಂದ ಆಗುವುದಿಲ್ಲ, ಅದಕ್ಕೇ ಮುಂದೆ ದಾರಿಯಿರುವ ಜಾಗಗಳಲ್ಲೇ ನಾನು ತಂಗುವುದು ಎಂದು ಶೃತಿಗೆ ಹೇಳಿದರು.

ಶೃತಿ ಅದನ್ನು ಕನ್ನಡದಲ್ಲಿ ಮುಗಿಸುವ ಮೊದಲೇ ಬೈರಮ್ಮ ಕೈ ಚಾಚಿದ್ದರು. "ಕೀ ಕೊಡಿ ಕೀತಣ್ಣ."

ಅವರು ಕೊಟ್ಟರು.

ಶೃತಿ ವಾಕಿಟಾಕಿ ಹಿಡಿದು ಹಿಂದೆ ಹಿಂದೆ ನಡೆದಳು. "ಸ್ವಲ್ಪ ಎಡಕ್ಕೆ ಅತ್ತೆ. ಸಾಕು. ನೇರ. ಮುಂದೆ ಬಲಗಡೆ ಬೇರು ಇದೆ." ಹಳೆಯ ಕ್ಯಾರವಾನ್ ಕಿರುಗುಟ್ಟುತ್ತ ಆಮೆಯಂತೆ ಸರಿಯಿತು. ಹೊಳೆಯ ಕಡೆಯ ತಿರುವಿನಲ್ಲಿ ಹಿಂಚಕ್ರ ದಂಡೆಯ ಅಂಚಿಗೆ ಒಂದು ಮೊಳ ದೂರ ಬಂತು. ಶೃತಿ ನಿಲ್ಲಿಸಿ ಎಂದಳು. ಬೈರಮ್ಮ ನಿಲ್ಲಿಸಿದರು, ಸ್ವಲ್ಪ ಮುಂದೆ ತೆಗೆದರು, ಮತ್ತೆ ತಳ್ಳಿದರು. ಎರಡನೇ ಸಲಕ್ಕೆ ತಿರುವು ದಾಟಿತು. ಜಾಡಿನ ಬಾಯಿಗೆ ಬಂದು, ಕೆಂಪು ನೆಲದ ಮೇಲೆ ಗಾಡಿ ತಿರುಗಿಸಿ, ರಸ್ತೆಯ ಕಡೆಯಿಂದ ದಿಬ್ಬ ಹತ್ತಿಸಿ ನಿಲ್ಲಿಸಿದಾಗ ಪಶ್ಚಿಮದ ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು.

ಅತ್ತೆ ಸೊಸೆ ತಮ್ಮ ಗಾಡಿಗೆ ಬೇಗಬೇಗ ನಡೆದು ವಾಪಸು ಬಂದರು. ಬೈರಮ್ಮ ಎಡ ಭುಜವನ್ನು ಒತ್ತಿಕೊಳ್ಳುತ್ತಿದ್ದರು. ಕೀತ್ ಅವರ ಹಳೆಯ ಜೀಪಿನ ಸ್ಟೇರಿಂಗ್ ಬಂಡೆಯಷ್ಟು ಗಟ್ಟಿಯಿತ್ತು.

"ಕೈ ನೋವಾ?"

"ಏನಿಲ್ಲ. ಇದೊಂದ್ ತೆಗೆದ್ರೆ ಆಯ್ತು."

ಶೃತಿ ಡ್ರೈವರ್ ಬಾಗಿಲಿನ ಮುಂದೆ ಹೋಗಿ ನಿಂತಳು. "ಇದನ್ನ ನಾನ್ ತೆಗೀತೀನಿ. ನೀವ್ ಹಿಂದೆ ನಿಂತು ಹೇಳಿ."

"ಮಳೆ ಬತ್ತಾ ಐತೆ ಶೃತಿ."

"ಗೊತ್ತು ಅತ್ತೆ. ಅದಕ್ಕೇ ಬೇಗ ಹಿಂದೆ ಹೋಗಿ ನಿಂತ್ಕೊಳ್ಳಿ."

ಬೈರಮ್ಮ ವಾಕಿಟಾಕಿ ತೆಗೆದುಕೊಂಡು ಹಿಂದಕ್ಕೆ ನಡೆದರು.

ಶೃತಿ ಸ್ಟೇರಿಂಗಿನ ಕೆಳಭಾಗ ಹಿಡಿದಳು. ಮೊದಲು ಕ್ಯಾರವಾನ್ ಪೊದೆಗೆ ನುಗ್ಗಿತು. ಮುಂದೆ ತೆಗೆದು ಸರಿಮಾಡಿಕೊಂಡಳು. ಬೈರಮ್ಮನಿಗೆ ದಾರಿ ಹೇಳುವುದು ಗಾಡಿ ಓಡಿಸುವುದಕ್ಕಿಂತ ಕಷ್ಟವಾಯಿತು. "ಅಯ್ಯೋ ಅಲ್ಲಲ್ಲ, ಆ ಕಡೆ, ಆ ಕಡೆ" ಎಂದು ಒಂದೇ ಸಮನೆ ಹೇಳತೊಡಗಿದರು. ಶೃತಿ ಗಾಡಿ ನಿಲ್ಲಿಸಿ ವಾಕಿಟಾಕಿಯಲ್ಲಿ ಹೇಳಿದಳು: "ಅತ್ತೆ, ಎಡ ಅಥವಾ ಬಲ ಅಷ್ಟೇ ಹೇಳಿ. ಬೇರೇನೂ ಬೇಡ."

ಆಮೇಲೆ, ತೀರಾ ಸಮಾಧಾನದ ಧ್ವನಿಯಲ್ಲಿ, "ಎಡ" ಎಂದು ಬಂತು.

ಕೈ ತಾನಾಗಿಯೇ ಎಡಕ್ಕೆ ಹೋಯಿತು. ಕ್ಯಾರವಾನಿನ ಬೆನ್ನು ಎಡಕ್ಕೆ ಸರಿಯಿತು. ಮೊದಲ ತಿರುವಿನಲ್ಲಿ ಮೂಲೆ ಒಂದು ಎಳೆಮರಕ್ಕೆ ಉಜ್ಜಿ ತಗಡು ಕರ್ರೆಂದಿತು. ಶೃತಿ ನಿಲ್ಲಿಸಲಿಲ್ಲ. ಹೊಳೆಯ ತಿರುವಿನಲ್ಲಿ ಮೂರು ಸಲ ಮುಂದೆ ತೆಗೆದು ನಾಲ್ಕನೆಯ ಸಲ ಹಿಂದೆ ತಳ್ಳಿದಳು. ದಪ್ಪ ಹನಿಗಳು ಗಾಜಿನ ಮೇಲೆ ಬೀಳತೊಡಗಿದವು. ಕನ್ನಡಿಯಲ್ಲಿ ಬೈರಮ್ಮ ಜಾಕೆಟ್ ತಲೆಗೆ ಹೊದ್ದು ಬಾಗಿ ಚಕ್ರವನ್ನೇ ನೋಡುತ್ತಿರುವುದು ಕಾಣುತ್ತಿತ್ತು. "ಬಲ. ನೇರ. ನೇರ ಬಾ. ಬತ್ತಾ ಇರು." ಹಿಂಚಕ್ರ ಕೆಂಪು ನೆಲ ಮುಟ್ಟಿದಾಗ ಎರೆಮಣ್ಣು ಹೊಳೆಯಲು ಶುರುವಾಗಿತ್ತು. ಅವಳು ದಿಬ್ಬ ಹತ್ತಿ, ಕೀತ್ ಕೈಬೀಸುತ್ತಿದ್ದ ಕಡೆ ತಂದು ಎಂಜಿನ್ ಆರಿಸಿದಳು.

ಬೈರಮ್ಮ ತೊಯ್ದ ಮೈಯಲ್ಲೇ ಪಕ್ಕದ ಸೀಟಿಗೆ ಹತ್ತಿ ಕೂತರು. ಸೊಸೆಯ ತೊಡೆಯ ಮೇಲೆ ಒಮ್ಮೆ ತಟ್ಟಿದರು. ಇಬ್ಬರೂ ಗಾಜಿನ ಮೇಲೆ ಇಳಿಯುವ ನೀರು ನೋಡುತ್ತ ಕೂತರು.

ಮಳೆ ಎರಡು ದಿನ ಸುರಿಯಿತು. ರಸ್ತೆಗಳೆಲ್ಲ ಬಂದ್ ಆದವು. ಕೆಳಗೆ ಅವರು ತಂಗಿದ್ದ ಜಾಗದಲ್ಲಿ ಕಂದು ನೀರು ನಿಂತು, ಬಿದ್ದ ಕೊಂಬೆ ಅರ್ಧ ಮುಳುಗಿತು. ಮಳೆ ನಿಂತ ಮೇಲೂ ಮಣ್ಣು ಒಣಗುವವರೆಗೆ ಕಾಯಬೇಕಿತ್ತು. ದಿಬ್ಬದ ಮೇಲೆ ಮೂವರೂ ಒಂದೇ ಸಂಸಾರದಂತೆ ಇದ್ದರು. ಫಾರ್ಮಿನ ಒಡತಿ ಎತ್ತರದ ದಾರಿಯಲ್ಲಿ ಬಂದು ಕುರಿಮಾಂಸ ಕೊಟ್ಟುಹೋದಳು. ಬೈರಮ್ಮ ಕೆಂಡದ ಮೇಲೆ ಸಾರು ಕುದಿಸಿ, ಅದೇ ಒಲೆಯಲ್ಲಿ ಮುದ್ದೆ ತೊಳಸಿದರು. ಕೀತ್ ಮೊದಲ ತುತ್ತನ್ನು ಅಗಿಯಲು ಹೋಗಿ ಬಹಳ ಕಷ್ಟಪಟ್ಟರು.

ಒಂದು ಬೆಳಿಗ್ಗೆ ಬಟ್ಟೆ ಒಣಹಾಕುತ್ತ ಶೃತಿ ಕೇಳಿದಳು. "ಅತ್ತೆ, ರೇವಂತ್ ಆಸ್ಪತ್ರೆಯಿಂದ ಬಂದ ದಿನ ನೀವು ಬರ್ತೀನಿ ಅಂದಿದ್ದು ನನಗೋಸ್ಕರ ತಾನೇ?"

"ನಿನ್ನ ಮುಖ ನೋಡಿದ್ದು ಹೌದು" ಎಂದರು ಬೈರಮ್ಮ, ಸೀರೆಯಂತೆ ಬೆಡ್‌ಶೀಟು ಕೊಡವುತ್ತ. "ಆದ್ರೆ ನಿನಗೋಸ್ಕರ ಮಾತ್ರ ಅಂದ್ಕೋಬೇಡ. ಟ್ರ್ಯಾಕ್ಟರ್ ಮಾರಿದ್ ಮೇಲೆ ನನಗೆ ಯಾರೂ ಓಡ್ಸು ಅಂತ ಹೇಳಿಲ್ಲ. ಬೊಲೆರೋದಲ್ಲಿ ಎಲ್ಲಿಗ್ ಹೋಗ್ತೀನಿ, ಮಾರ್ಕೆಟ್ಟು, ಮದುವೆ ಛತ್ರ. ನಂಗೂ ದೂರ ಹೋಗ್ಬೇಕು ಅನ್ನಿಸ್ತಿತ್ತು. ಕೇಳೋರು ಇರ್ಲಿಲ್ಲ. ನೀವಿಬ್ರೂ ಎಲ್ಲೆಲ್ಲೋ ಹೋಗಿ ಬಂದು ಫೋಟೋ ತೋರಿಸ್ತಿದ್ರಿ."

"ನಾವೂ ಕೇಳ್ಲಿಲ್ಲ."

"ಇಲ್ಲ. ನಾನೂ ಹೇಳ್ಲಿಲ್ಲ."

ಶೃತಿ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದುಕೊಂಡಳು. ಅವತ್ತು ಮಧ್ಯಾಹ್ನವೆಲ್ಲ ಬೈರಮ್ಮ ಆ ರಾಗಿ ಹೊಲದ ಮಳೆಯ ದಿನಗಳನ್ನು, ಟ್ರ್ಯಾಕ್ಟರ್ ನೋಡಲು ಊರ ಹೆಂಗಸರೆಲ್ಲ ಬೇಲಿಯ ಬಳಿ ನಿಂತದ್ದನ್ನು ಹೇಳಿದರು. ಶೃತಿ ಕೇಳಿದಳು, ನಡುನಡುವೆ ಕೀತ್‌ಗೂ ಹೇಳಿದಳು.

ರಸ್ತೆ ತೆರೆದ ದಿನ ಕೀತ್ ಬರ್ಕಿನ ಕಡೆ ಹೊರಟರು. ಮೈಯೆಲ್ಲ ತಿರುಗಿಸಿ ಇಬ್ಬರಿಗೂ ಕೈಮುಗಿದರು, ಅದನ್ನು ಬೈರಮ್ಮನೇ ಕಲಿಸಿದ್ದು. ಅತ್ತೆ ಸೊಸೆ ಕೆಳಕ್ಕೆ, ವಿಲ್ಕಾನಿಯಾ ಎಂಬ ಊರಿನ ಕಡೆ ಹೊರಡಬೇಕಿತ್ತು. ದಿಬ್ಬದ ಮೇಲೆ ಕಳೆದ ದಿನಗಳಿಂದಾಗಿ ಮುಂದಿನ ಎರಡು ತಂಗುದಾಣಗಳನ್ನು ಬಿಡಬೇಕಾಯಿತು. ಶೃತಿಗೆ ಅದರ ಬೇಸರವಿರಲಿಲ್ಲ. ಚೈನು, ವೈರು ನೋಡಿಕೊಂಡು ಅವಳೇ ಡ್ರೈವರ್ ಸೀಟಿಗೆ ಹೋದಳು. ಬೈರಮ್ಮ ಕೇಳದೆಯೇ ಇನ್ನೊಂದು ಕಡೆಯಿಂದ ಹತ್ತಿದರು, ಬೆಲ್ಟು ಹಾಕಿಕೊಂಡರು, ಸೀಟನ್ನು ಹಿಂದಕ್ಕೆ ಒರಗಿಸಿದರು.

ಫಾರ್ಮಿನ ಗಡಿಯ ಗೇಟು ಬರುವ ಹೊತ್ತಿಗೆ ಅವರು ಬಾಯಿ ತೆರೆದು ನಿದ್ದೆ ಹೋಗಿದ್ದರು. ಅಲ್ಲಿ ಗೇಟು ತೆರೆಯುವುದು ಪಕ್ಕ ಕೂತವರ ಕೆಲಸ. ಶೃತಿ ಎಬ್ಬಿಸಲಿಲ್ಲ. ಗಾಡಿ ನಿಲ್ಲಿಸಿ, ಇಳಿದು, ಕಬ್ಬಿಣದ ಗೇಟನ್ನು ಪೂರ್ತಿ ತೆರೆದಳು. ಕ್ಯಾರವಾನಿನ ಕೊನೆಯ ಚಕ್ರ ದಾಟಿದ ಮೇಲೆ ಮತ್ತೆ ಇಳಿದು ಬಂದು ಮುಚ್ಚಿದಳು. ಸರಪಳಿ ಸಿಕ್ಕಿಸಿ, ಒಮ್ಮೆ ಅಲ್ಲಾಡಿಸಿ ಗಟ್ಟಿಯಾಗಿದೆಯೇ ಎಂದು ನೋಡಿ, ಗಾಡಿಗೆ ಹತ್ತಿದಳು. ಮುಂದೆ ಕೆಂಪು ರಸ್ತೆ ನೆಟ್ಟಗೆ ಹೋಗುತ್ತಿತ್ತು, ಹೊಳೆಯ ಮರಗಳು ಎಡಕ್ಕೆ.